ಜೋಳಿಗೆಗೆ ಹಾಕಿದ ಮೇಲೆ

ರಾಮ ಗಣೇಶ ಗಡಕರಿಯವರ ಮರಾಠಿ ನಾಟಕ ‘ಏಕಚ್ ಪ್ಯಾಲಾ’ವನ್ನು ಮೊದಲ ಸಲ ಓದಿದ್ದು ಕಾಲೇಜಿನಲ್ಲಿದ್ದಾಗ. ಕುಡಿತದ ಕೆಡುಕು ಸಾರುವ ನಾಟಕ ಎಂದುಕೊಂಡು ಬದಿಗಿಟ್ಟಿದ್ದೆ. ಈಚೆಗೆ ಮತ್ತೆ ಓದಿದಾಗ ನನ್ನನ್ನು ತಡೆದು ನಿಲ್ಲಿಸಿದ್ದು ನಾಯಕ ಸುಧಾಕರ ಕುಡಿಯುವ ದೃಶ್ಯಗಳಲ್ಲ, ಕುಡಿತ ಬಿಟ್ಟ ಮೇಲಿನವು.

ಅದಕ್ಕೆ ಕಾರಣ ನಮ್ಮ ಮನೆಯಲ್ಲೇ ಇದೆ. ಬೆಟಗೇರಿಯಲ್ಲಿ ಮಗ್ಗ ನೇಯುವ ನಮ್ಮಣ್ಣ 14 ವರ್ಷದ ಹಿಂದೆ ತನ್ನ ಕುಡಿತವನ್ನು ಮಹಾಂತ ಜೋಳಿಗೆಗೆ ಹಾಕಿ ಬಂದ. ಇಳಕಲ್ಲಿನ ಡಾ. ಮಹಾಂತ ಸ್ವಾಮಿಗಳು 1975ರಲ್ಲಿ ಶುರುಮಾಡಿದ ಜೋಳಿಗೆ ಅದು. ಊರೂರು ತಿರುಗಿ ಅವರು ಬೇಡಿದ್ದು ಕಾಳುಕಡಿಯನ್ನಲ್ಲ, ಜನರ ದುಶ್ಚಟಗಳನ್ನು. 2018ರಲ್ಲಿ ಅವರು ಲಿಂಗೈಕ್ಯರಾದರು; ಅವರು ಹುಟ್ಟಿದ ಆಗಸ್ಟ್ 1 ಈಗ ವ್ಯಸನಮುಕ್ತ ದಿನ. ಭಿಕ್ಷೆಯನ್ನೇ ತಿರುವಿಹಾಕಿದ ಈ ಕಲ್ಪನೆ ದೊಡ್ಡದು. ಆದರೆ ಜೋಳಿಗೆಗೆ ಹಾಕುವುದು ಒಂದು ಗಳಿಗೆಯ ಕೆಲಸ. ಹಾಕಿ ಮನೆಗೆ ಬಂದವನ ಎದುರು ಕೂತಿರುವವರು ಅವನ ಎಷ್ಟೋ ಆಣೆ ಕೇಳಿ ದಣಿದವರು.

ಗಡಕರಿ ಇದನ್ನು ಬಲ್ಲರು. ವಕೀಲನಾಗಿದ್ದ ಸುಧಾಕರ ಕುಡಿತ ಬಿಟ್ಟು, ಕೆಲಸ ಕೇಳುತ್ತ ಹಳೆಯ ಪರಿಚಿತರ ಬಳಿ ಹೋಗುತ್ತಾನೆ. ಯಾರೂ ನಂಬುವುದಿಲ್ಲ. ಆ ಅವಮಾನದಲ್ಲಿ ಮತ್ತೆ ಪ್ಯಾಲೆ ಹಿಡಿಯುತ್ತಾನೆ. ನಾಟಕದ ಅತ್ಯಂತ ನಿಜವಾದ ಭಾಗ ಇದೇ.

ನನ್ನ ತಕರಾರು ಹೆಂಡತಿ ಸಿಂಧುವಿನ ಪಾತ್ರದ ಬಗ್ಗೆ. ಗಡಕರಿ ತೀರಿಕೊಂಡ 1919ರಲ್ಲೇ ನಾಟಕ ರಂಗಕ್ಕೆ ಬಂತು. ಬಾಲಗಂಧರ್ವರು ಸಿಂಧುವಾಗಿ ಜನರನ್ನು ಅಳಿಸಿದರು. ಹಿಟ್ಟು ಬೀಸಿ ಮನೆ ನಡೆಸುವ ಸಿಂಧು ಗಂಡನನ್ನು ಒಮ್ಮೆಯೂ ಸಂಶಯದಿಂದ ನೋಡುವುದಿಲ್ಲ. ಸಾಯುವಾಗಲೂ ಪೊಲೀಸರೆದುರು ಅವನನ್ನು ಕಾಯುತ್ತಾಳೆ. ನಂಬಿಕೆಯನ್ನೆಲ್ಲ ಹೆಂಡತಿಗೆ, ಸಂಶಯವನ್ನೆಲ್ಲ ಊರಿಗೆ ಹಂಚಿಬಿಟ್ಟರು ಗಡಕರಿ. ಹಾಗಾಗಿ ಮನೆಯೊಳಗೆ ನಂಬಿಕೆ ಗಳಿಸುವ ಕೆಲಸವೇ ಸುಧಾಕರನಿಗೆ ಉಳಿಯುವುದಿಲ್ಲ. ಊರಿನ ಒಪ್ಪಿಗೆಯೊಂದನ್ನೇ ನೆಚ್ಚಿ ಹೊರಡುತ್ತಾನೆ, ಅದು ಸಿಗದಿದ್ದಾಗ ಕುಸಿಯುತ್ತಾನೆ. ದುರಂತ ನಾಟಕಕ್ಕೆ ಇಂಥ ಹೆಂಡತಿ ಬೇಕಿರಬಹುದು. ನಾನಂತೂ ಅಂಥವರನ್ನು ಕಂಡಿಲ್ಲ.

ನಮ್ಮ ವೈನಿ ಅಣ್ಣನಿಗೆ ಬಿಸಿ ರೊಟ್ಟಿ ಬಡಿದು ಹಾಕುತ್ತಿದ್ದರು. ಟ್ರಂಕಿನ ಕೀಲಿ ಮಾತ್ರ ಸೊಂಟದಿಂದ ತೆಗೆಯುತ್ತಿರಲಿಲ್ಲ. ವಾರದ ಮಜೂರಿಯನ್ನು ಅವನೆದುರೇ ಎಣಿಸುತ್ತಿದ್ದರು. ಒಮ್ಮೆ ಲಕ್ಷ್ಮೇಶ್ವರದಲ್ಲಿ ಮದುವೆ ಮುಗಿಸಿ ಅವನು ತಡವಾಗಿ ಬಂದಾಗ ಬಾಗಿಲಲ್ಲೇ ನಿಲ್ಲಿಸಿ, “ಬಾಯಿ ತಗೀರಿ, ನೋಡೂಣು” ಎಂದರು. ಮಕ್ಕಳೆದುರಿಗೇ. ಅಣ್ಣ ಬಾಯಿ ತೆರೆದ. ನನಗೇ ಸಿಟ್ಟು ಬಂತು.

“ಇನ್ನ ಎಷ್ಟ ದಿನ ಹಿಂಗ, ವೈನಿ?”

“ಎಷ್ಟ ವರ್ಷ ಕುಡದಾರ, ಅಷ್ಟ ವರ್ಷ.”

ಅಣ್ಣ ನಕ್ಕ. ಆ ನಗುವಿನಲ್ಲಿ ನೋವಿರಲಿಲ್ಲ ಎನ್ನಲಾರೆ. ಆದರೂ ಮರುದಿನ ಮಗ್ಗಕ್ಕೆ ಹೋದ, ಸಂಜೆ ಮನೆಗೆ ಬಂದ. ‘ಏಕಚ್ ಪ್ಯಾಲಾ’ದಲ್ಲಿ ನಾನು ಹುಡುಕಿ ಸಿಗದೇ ಹೋದದ್ದು ಈ ಬಾಗಿಲ ದೃಶ್ಯ.

ಹೋದ ವರ್ಷ ತವರಿಗೆಂದು ಮುಂಡರಗಿಗೆ ಹೊರಟ ವೈನಿ ಕೀಲಿಯನ್ನು ಅಣ್ಣನ ಕೈಗಿತ್ತರು. ಎರಡನೇ ದಿನ ಫೋನ್ ಮಾಡಿ ಟ್ರಂಕಿನೊಳಗಿನ ರೊಕ್ಕ ಎಣಿಸಿ ಹೇಳಲು ಹೇಳಿದರು. ಅಣ್ಣ ಎಣಿಸಿ ಹೇಳಿದ.