ವಜನು ಮತ್ತು ಹದ

ನಮ್ಮ ಮೊಹಲ್ಲಾದ ಜಿಮ್ಮಿನಲ್ಲಿ ಸಂಜೆ ಕನ್ನಡಿಯ ಮುಂದೆ ನಿಲ್ಲುವ ಹುಡುಗರನ್ನು ನೋಡಿದಾಗ ಒಂದು ಸಂಗತಿ ಕಣ್ಣಿಗೆ ಬೀಳುತ್ತದೆ. ತೋಳು, ಎದೆ ಉಬ್ಬಿವೆ; ಸಡಿಲ ಪ್ಯಾಂಟಿನೊಳಗೆ ಕಾಲು ಸಣಕಲಾಗಿಯೇ ಉಳಿದಿದೆ. ಜನರಿಗೆ ಕಾಣುವ ಭಾಗ ಬೆಳೆದಿದೆ, ಕಾಣದ ಭಾಗ ಹಿಂದೆ ಬಿದ್ದಿದೆ. ಇದನ್ನು ಹುಡುಗರ ಸೋಮಾರಿತನವೆಂದು ತಳ್ಳಿಹಾಕುವುದು ಸುಲಭ. ಆದರೆ ಅವರ ಮುಂದೆ ನಾವು ಇಟ್ಟಿರುವ ಮಾದರಿ ಎಂಥದ್ದು?

ಉರ್ದು ಓದಿದವರಿಗೆ 'ವಜನ್' ಎಂಬ ಪದ ಎರಡು ಅರ್ಥದಲ್ಲಿ ಪರಿಚಿತ. ತಕ್ಕಡಿಯಲ್ಲಿ ತೂಗುವುದೂ ವಜನ್, ಕವಿತೆಯ ಛಂದಸ್ಸೂ ವಜನ್. ಅಳತೆ ತಪ್ಪದ ಸಾಲನ್ನು 'ಮೌಜೂನ್' ಎನ್ನುತ್ತಾರೆ. ಹದವಾದ ಮೈಕಟ್ಟಿಗೂ ಅದೇ ಮಾತು. ಸಾಲಿಗೆ ಇನ್ನೊಂದು ಭಾರಿ ಪದ ತುರುಕಿದರೆ ಅದು ಮೌಜೂನ್ ಆಗುವುದಿಲ್ಲ, ಮುರಿಯುತ್ತದೆ. ದೇಹದಾರ್ಢ್ಯದ ಸೌಂದರ್ಯಶಾಸ್ತ್ರವೂ ಇಲ್ಲಿಂದಲೇ ಶುರುವಾಗಬೇಕು.

ಶುರುವಾದದ್ದೂ ಹಾಗೆಯೇ. 1901ರಲ್ಲಿ ಯೂಜಿನ್ ಸ್ಯಾಂಡೋ ಲಂಡನ್ನಿನ ರಾಯಲ್ ಆಲ್ಬರ್ಟ್ ಹಾಲಿನಲ್ಲಿ ದೊಡ್ಡ ದೇಹದಾರ್ಢ್ಯ ಸ್ಪರ್ಧೆ ನಡೆಸಿದಾಗ, ತೀರ್ಪಿಗೆ ಅವನ ಜೊತೆ ಕುಳಿತವರು ಶಿಲ್ಪಿ ಚಾರ್ಲ್ಸ್ ಲಾಸ್ ಮತ್ತು ಕಥೆಗಾರ ಆರ್ಥರ್ ಕಾನನ್ ಡಾಯ್ಲ್. ಬರೀ ಗಾತ್ರಕ್ಕೆ ಅಂಕವಿರಲಿಲ್ಲ; ಅಂಗಾಂಗಗಳ ಬೆಳವಣಿಗೆಯಲ್ಲಿನ ಸಮತೋಲ, ಆರೋಗ್ಯ, ಚರ್ಮದ ಕಾಂತಿಯನ್ನೂ ನೋಡಿದರು. ಮುಂದೆ ಸ್ಟೀವ್ ರೀವ್ಸ್‌ನನ್ನು ಜನ ಮೆಚ್ಚಿದ್ದು ಅವನ ಕತ್ತು, ತೋಳು, ಮೀನಖಂಡಗಳ ಸುತ್ತಳತೆ ಹೆಚ್ಚುಕಡಿಮೆ ಒಂದೇ ಆಗಿತ್ತೆಂಬ ಕಾರಣಕ್ಕೆ. 1968ರಲ್ಲಿ ಮಯಾಮಿಯಲ್ಲಿ ಫ್ರಾಂಕ್ ಝೇನ್ ತನಗಿಂತ ಬಹಳ ಭಾರವಿದ್ದ ಆರ್ನಾಲ್ಡ್ ಶ್ವಾರ್ಜ್‌ನೆಗರ್‌ನನ್ನು ಸೋಲಿಸಿದ. 1977ರಿಂದ 79ರವರೆಗೆ ಮೂರು ಬಾರಿ ಮಿಸ್ಟರ್ ಒಲಿಂಪಿಯಾ ಆದ.

ಆಮೇಲೆ ತಕ್ಕಡಿ ಗೆದ್ದಿತು. 1992ರಿಂದ ಡೋರಿಯನ್ ಯೇಟ್ಸ್, 1998ರಿಂದ ರೋನಿ ಕೋಲ್ಮನ್ ಗಾತ್ರದ ಗಡಿಯನ್ನೇ ಸರಿಸಿದರು. ಕೋಲ್ಮನ್ 2003ರಲ್ಲಿ ವೇದಿಕೆ ಹತ್ತಿದ್ದು ಸುಮಾರು 130 ಕಿಲೋ ತೂಕದಲ್ಲಿ. ಆತನ ಬೆನ್ನು, ತೊಡೆಗಳ ಬೆಳವಣಿಗೆಯನ್ನು ಅಲ್ಲಗಳೆಯಲಾಗದು. ಆ ದುಡಿಮೆಗೆ ನಮ್ಮ ಗೌರವವಿದೆ. ಆದರೆ ಆ ಕಾಲದ ವೇದಿಕೆಯಲ್ಲಿ ನಡುವೂ ಹೊಟ್ಟೆಯೂ ಉಬ್ಬುತ್ತ ಬಂದವು. ಅಗಲ ಭುಜಕ್ಕೆ ಅರ್ಥ ಕೊಡುವುದು ಸಣ್ಣ ನಡು. ಅದು ಹೋದರೆ ಭುಜದ ಅಗಲವೂ ಕಾಣದು.

ಇದಕ್ಕೆ ಸಂಘಟಕರು ಎರಡು ಬಗೆಯ ಉತ್ತರ ಕೊಟ್ಟರು. 2013ರಿಂದ ಒಲಿಂಪಿಯಾದಲ್ಲಿರುವ 'ಮೆನ್ಸ್ ಫಿಸೀಕ್' ವಿಭಾಗದಲ್ಲಿ ಸ್ಪರ್ಧಿಗಳು ತೊಡೆ ಮುಚ್ಚುವ ಚಡ್ಡಿ ತೊಡುತ್ತಾರೆ. ಇದು ನಮಗೆ ಒಪ್ಪಿಗೆಯಾಗದು: ಅರ್ಧ ದೇಹವನ್ನು ಮರೆಮಾಡಿ ಸಮತೋಲವನ್ನು ಅಳೆಯುವುದು ಹೇಗೆ? ನಮ್ಮ ಹುಡುಗರ ಸಡಿಲ ಪ್ಯಾಂಟಿಗೆ ಇದೇ ಪ್ರಮಾಣಪತ್ರವಾಯಿತು. 2016ರಲ್ಲಿ ಬಂದ 'ಕ್ಲಾಸಿಕ್ ಫಿಸೀಕ್' ಹೆಚ್ಚು ಪ್ರಾಮಾಣಿಕ. ಅಲ್ಲಿ ಎತ್ತರಕ್ಕೆ ತಕ್ಕಂತೆ ತೂಕದ ಮಿತಿಯಿದೆ, ಕಾಲನ್ನು ತೋರಿಸಲೇಬೇಕು. 'ಇಷ್ಟು ಸಾಕು' ಎಂಬ ಮಾತು ನಿಯಮವಾಗಿ ಮರಳಿ ಬಂದಿದೆ.

ಕನ್ನಡಿಗರಿಗೆ ಈ ಮಾತು ಹೊಸದಲ್ಲ. ಬೆಂಗಳೂರಿನಲ್ಲಿ ವ್ಯಾಯಾಮಶಾಲೆ ನಡೆಸಿದ ಕೆ.ವಿ. ಅಯ್ಯರ್ ತಮ್ಮ ಹದವಾದ ಮೈಕಟ್ಟಿನಿಂದ ಹೆಸರಾದವರು. ಅವರೇ 'ರೂಪದರ್ಶಿ' ಕಾದಂಬರಿ ಬರೆದರು. ಅದರಲ್ಲಿ ಬಾಲಯೇಸುವಿಗೆ ರೂಪದರ್ಶಿಯಾದವನೇ ಮುಂದೆ ಜೂದಾಸನಿಗೂ ರೂಪದರ್ಶಿಯಾಗುತ್ತಾನೆ. ರೂಪ ಕೆಡುವುದು ಒಳಗಿನಿಂದ ಎಂಬುದನ್ನು, ದೇಹವನ್ನು ಇಂಚಿಂಚು ಬಲ್ಲವರೊಬ್ಬರು ಬರೆದದ್ದು ಆಕಸ್ಮಿಕವೆಂದು ನಮಗನ್ನಿಸದು.

ಕಥೆ ಬರೆಯುವ ನಮಗೂ ಈ ಕನ್ನಡಿ ಬೇಕು. ಚಪ್ಪಾಳೆ ಬೀಳುವ ಪ್ಯಾರಾವನ್ನು ಉಬ್ಬಿಸಿ, ಕಥೆಯನ್ನು ಹೊರುವ ಕಾಲುಗಳನ್ನು ಸಣಕಲಾಗಿ ಬಿಟ್ಟ ದಿನಗಳು ನಮ್ಮಲ್ಲೂ ಇವೆ. ಆದ್ದರಿಂದ ಆ ಹುಡುಗರಿಗೆ ನಾವು ಉಪದೇಶ ಮಾಡಲಾರೆವು. ಕನ್ನಡಿಯನ್ನು ಸ್ವಲ್ಪ ಕೆಳಗಿಳಿಸಿ, ಕಾಲೂ ಕಾಣುವಂತೆ ಇಡಿ ಎಂದಷ್ಟೇ ಜಿಮ್ಮಿನವರನ್ನು ಕೇಳಬಹುದು.