ಹಾಸಿಗೆಯಿಂದ ಶುರುವಾಗುವ ದಾರಿ

ಸಿಡ್ನಿಯಿಂದ ಮೆಲ್ಬರ್ನ್‌ಗೆ ಕಾರಿನಲ್ಲೇ ಹೋಗಿಬರೋಣ ಎಂಬ ಮಾತು ಎದ್ದ ಕೂಡಲೇ ಆಸ್ಟ್ರೇಲಿಯಾದ ನಮ್ಮವರ ಮನೆಗಳಲ್ಲಿ ಮೊದಲು ತೆರೆಯುವುದು ಫೋನಿನ ನಕ್ಷೆ. ಹ್ಯೂಮ್ ಹೆದ್ದಾರಿ, ಸುಮಾರು 880 ಕಿಲೋಮೀಟರ್, ಒಂಬತ್ತು ಗಂಟೆ. ಬೆಳಗಿನ ಜಾವ ನಾಲ್ಕಕ್ಕೆ ಮಕ್ಕಳನ್ನು ನಿದ್ದೆಗಣ್ಣಿನಲ್ಲೇ ಹಿಂದಿನ ಸೀಟಿನಲ್ಲಿ ಕೂರಿಸಿಕೊಂಡು ಹೊರಟರೆ ಸಂಜೆ ಕಾಫಿಯ ಹೊತ್ತಿಗೆ ಮೆಲ್ಬರ್ನ್. ದಾರಿಯಲ್ಲಿ ತಂಗುವ ಒಂದು ರಾತ್ರಿಯ ಬಾಡಿಗೆ ಉಳಿಯಿತು ಎಂಬ ಲೆಕ್ಕ. ಈ ಲೆಕ್ಕವೇ ತಪ್ಪು ಎಂಬುದು ನನ್ನ ವಾದ. ಕಡಿಮೆ ಖರ್ಚಿನ ಪಯಣದ ಯೋಜನೆ ಕಿಲೋಮೀಟರಿನಿಂದ ಶುರುವಾಗಬಾರದು, ರಾತ್ರಿ ಎಲ್ಲಿ ಮಲಗುತ್ತೇವೆ ಎಂಬುದರಿಂದ ಶುರುವಾಗಬೇಕು. ಹಾಸಿಗೆ ಇದ್ದಷ್ಟು ಕಾಲು ಚಾಚು ಎಂಬ ಗಾದೆಯನ್ನು ನಾವು ದುಡ್ಡಿನ ಮಾತಿಗಷ್ಟೇ ಬಳಸುತ್ತೇವೆ. ರಸ್ತೆಯ ಮೇಲೆ ಅದು ಅಕ್ಷರಶಃ ನಿಜ. ಹಾಸಿಗೆ ಎಲ್ಲಿ ಎಂಬುದು ಗೊತ್ತಾದರೆ ದಿನಕ್ಕೆ ಎಷ್ಟು ದೂರ, ಯಾವ ರಸ್ತೆ, ಬುತ್ತಿಗೆ ಏನು ಎಂಬುದೆಲ್ಲ ತಾನಾಗಿ ಜಾಗಕ್ಕೆ ಬಂದು ಕೂರುತ್ತದೆ.

ಮೊದಲು ದುಡ್ಡಿನ ಮಾತೇ ಆಗಲಿ. ಸಮುದ್ರದ ಬದಿಯ ಪ್ರಿನ್ಸಸ್ ಹೆದ್ದಾರಿ ಹಿಡಿದರೆ ಅದೇ ಸಿಡ್ನಿ–ಮೆಲ್ಬರ್ನ್ ಸುಮಾರು 1,040 ಕಿಲೋಮೀಟರ್ ಆಗುತ್ತದೆ, ಅಂದರೆ 160 ಕಿಲೋಮೀಟರ್ ಹೆಚ್ಚು. ನೂರು ಕಿಲೋಮೀಟರಿಗೆ ಎಂಟು ಲೀಟರ್ ಕುಡಿಯುವ ಕಾರಿಗೆ ಇದು ಹದಿಮೂರು ಲೀಟರ್ ಪೆಟ್ರೋಲ್. ಲೀಟರಿಗೆ ಎರಡು ಡಾಲರ್ ಎಂದು ಹಿಡಿದರೂ 26 ಡಾಲರ್. ಇಷ್ಟಕ್ಕಾಗಿ ಕರಾವಳಿಯನ್ನೇ ಬಿಟ್ಟುಕೊಡುವವರಿದ್ದಾರೆ! ಇನ್ನು ‘ಉಳಿಸಿದ’ ರಾತ್ರಿ ಎಲ್ಲಿ ಹೋಯಿತು? ಎಲ್ಲಿಗೂ ಹೋಗಿಲ್ಲ. ನಾಲ್ಕು ದಿನದ ರಜೆಗೆ ಮೂರು ರಾತ್ರಿ ಇದ್ದೇ ಇವೆ. ಒಂದೇ ಉಸಿರಿಗೆ ಮೆಲ್ಬರ್ನ್ ಮುಟ್ಟಿದರೆ ಆ ಮೂರೂ ರಾತ್ರಿ ನಗರದ ಹೋಟೆಲಿನ ಬಿಲ್ಲಿಗೆ ಸೇರುತ್ತವೆ, ಕಾರು ನಿಲ್ಲಿಸಲು ಬೇರೆ ದುಡ್ಡು. ಅದೇ ರಾತ್ರಿಗಳನ್ನು ದಾರಿಯುದ್ದಕ್ಕೂ ಸಣ್ಣ ಊರುಗಳ ಕ್ಯಾರವಾನ್ ಪಾರ್ಕುಗಳಲ್ಲಿ, ರಾಷ್ಟ್ರೀಯ ಉದ್ಯಾನಗಳ ಡೇರೆ ಬಯಲುಗಳಲ್ಲಿ, ಎಷ್ಟೋ ಊರುಗಳು ಪ್ರವಾಸಿಗರಿಗೆ ತೆರೆದಿಡುವ ಜಾತ್ರೆ ಮೈದಾನಗಳಲ್ಲಿ ಹಂಚಿಬಿಟ್ಟರೆ ಖರ್ಚು ಎಷ್ಟೋ ಪಾಲು ಇಳಿಯುತ್ತದೆ. ಉಳಿತಾಯ ಇರುವುದು ದಿನ ಕಡಿಮೆ ಮಾಡುವುದರಲ್ಲಲ್ಲ, ರಾತ್ರಿಯ ಊರು ಬದಲಿಸುವುದರಲ್ಲಿ. ಪೆಟ್ರೋಲಿನಲ್ಲೇ ಉಳಿಸಬೇಕೆಂದರೆ ಅದಕ್ಕೂ ದಾರಿಯಿದೆ: ಸಿಡ್ನಿ, ಮೆಲ್ಬರ್ನ್‌ನಂಥ ದೊಡ್ಡ ನಗರಗಳಲ್ಲಿ ದರ ಕೆಲವು ವಾರಗಳಿಗೊಮ್ಮೆ ಥಟ್ಟನೆ ಏರಿ ಮೆಲ್ಲನೆ ಇಳಿಯುತ್ತದೆ, ಹಳ್ಳಿಗಾಡಿನ ಬಂಕುಗಳಲ್ಲಿ ಸಾಮಾನ್ಯವಾಗಿ ಈ ಏರಿಳಿತ ಇರುವುದಿಲ್ಲ. ನ್ಯೂ ಸೌತ್ ವೇಲ್ಸ್ ಸರ್ಕಾರದ ಫ್ಯುಯಲ್‌ಚೆಕ್ ಆ್ಯಪ್‌ನಲ್ಲಿ ಬಂಕುಗಳ ದರ ನೋಡಿಕೊಂಡು, ದರ ತಳ ಮುಟ್ಟಿದ ದಿನ ಟ್ಯಾಂಕ್ ತುಂಬಿಸಿ ಹೊರಟರೆ ಆ 26 ಡಾಲರಿನಲ್ಲಿ ಒಂದಷ್ಟು ಮರಳಿ ಬಂದಂತೆಯೇ.

ಹಾಸಿಗೆಯನ್ನು ಮೊದಲು ಗೊತ್ತು ಮಾಡಿಕೊಳ್ಳಬೇಕು ಎನ್ನಲು ದುಡ್ಡಿಗಿಂತ ದೊಡ್ಡ ಕಾರಣ ಬೆಳಕು. ಜೂನ್ ತಿಂಗಳಲ್ಲಿ ಸಿಡ್ನಿಯ ಸೂರ್ಯ ಏಳಕ್ಕೆ ಹುಟ್ಟಿ ಸಂಜೆ ಐದರೊಳಗೆ ಮುಳುಗುತ್ತಾನೆ. ಹತ್ತು ಗಂಟೆಯ ಹಗಲೂ ಪೂರ್ತಿ ಸಿಗುವುದಿಲ್ಲ. ಕಾಂಗರೂ, ವಾಂಬ್ಯಾಟ್‌ಗಳು ಮೇಯಲು ರಸ್ತೆಯಂಚಿಗೆ ಬರುವುದು ಸರಿಯಾಗಿ ನಸುಕಿನಲ್ಲಿ ಮತ್ತು ಮುಸ್ಸಂಜೆಯಲ್ಲಿ. ನೂರರ ವೇಗದಲ್ಲಿ ಹೋಗುವ ಕಾರಿಗೆ ಮೊಳಕಾಲು ಎತ್ತರದ, ಕಲ್ಲಿನಂತೆ ಗಟ್ಟಿ ಮೈಯ ವಾಂಬ್ಯಾಟ್ ಅಡ್ಡ ಬಂದರೆ ಪ್ರವಾಸದ ಇಡೀ ಬಜೆಟ್ ಅಲ್ಲಿಗೆ ಮುಗಿಯಿತು. ಬಾಡಿಗೆ ಕಾರಾದರೆ ಪ್ರಾಣಿಗೆ ಡಿಕ್ಕಿಯಾದಾಗ ನಷ್ಟದಲ್ಲಿ ನಮ್ಮ ಪಾಲು ಎಷ್ಟು ಎಂದು ಕರಾರುಪತ್ರದಲ್ಲಿ ಓದಿ ನೋಡುವುದು ಲೇಸು. ಬೆಳಗಿನ ಜಾವ ನಾಲ್ಕಕ್ಕೆ ಬಿಡುವ ಯೋಜನೆ ಈ ಅಪಾಯದ ಹೊತ್ತಿಗೇ ನಮ್ಮನ್ನು ರಸ್ತೆಗೆ ಇಳಿಸುತ್ತದೆ. ಹಾಗಾಗಿ ಬೆಳಗಿನ ತಿಂಡಿ ಮುಗಿಸಿ ಹೊರಟು ನಾಲ್ಕರೊಳಗೆ ಡೇರೆ ಹೊಡೆಯುವಂತೆ ದಾರಿಯನ್ನು ತುಂಡು ಮಾಡಬೇಕು. ಪ್ರಿನ್ಸಸ್ ಹೆದ್ದಾರಿ ಅದಕ್ಕೆಂದೇ ಅಳೆದಿಟ್ಟಂತಿದೆ. ಸಿಡ್ನಿಯಿಂದ ಬೇಟ್ಮನ್ಸ್ ಬೇಗೆ ಸುಮಾರು 280 ಕಿಲೋಮೀಟರ್, ಅಲ್ಲಿಂದ ಈಡನ್‌ಗೆ 200, ಈಡನ್‌ನಿಂದ ರಾಜ್ಯದ ಗಡಿ ದಾಟಿ ಲೇಕ್ಸ್ ಎಂಟ್ರೆನ್ಸ್‌ಗೆ 245, ಕೊನೆಗೆ ಮೆಲ್ಬರ್ನ್‌ಗೆ 320. ಮೂರು ರಾತ್ರಿ, ನಾಲ್ಕು ಹಗಲು. ಮೊದಲ ರಾತ್ರಿಗೆ ಬೇಟ್ಮನ್ಸ್ ಬೇಗಿಂತ ಸ್ವಲ್ಪ ಮುಂಚೆ ಮರ್ರಮರಾಂಗ್ ರಾಷ್ಟ್ರೀಯ ಉದ್ಯಾನದ ಪೆಬ್ಲಿ ಬೀಚ್ ನನ್ನ ಆಯ್ಕೆ. ಕಾಂಗರೂಗಳು ಕಡಲದಂಡೆಯವರೆಗೂ ಬಂದು ಹುಲ್ಲು ಮೇಯುವ ಜಾಗ ಅದು. ರಸ್ತೆಯಲ್ಲಿ ಭಯ ಹುಟ್ಟಿಸುವ ಪ್ರಾಣಿಯನ್ನು ಡೇರೆಯ ಬಾಗಿಲಲ್ಲಿ ಕೂತು ನೋಡಬಹುದು. ಜಾಗವನ್ನು ಮುಂಗಡ ಕಾದಿರಿಸಿಯೇ ಹೋಗಬೇಕು.

ಹ್ಯೂಮ್ ಹೆದ್ದಾರಿಯ ಮೇಲೆ ನನಗೆ ದ್ವೇಷವಿಲ್ಲ. ಹ್ಯಾಮಿಲ್ಟನ್ ಹ್ಯೂಮ್ ಮತ್ತು ವಿಲಿಯಂ ಹೋವೆಲ್ 1824ರಲ್ಲಿ ಸುಮಾರು ಎರಡು ತಿಂಗಳು ನಡೆದು ದಾಟಿದ ನಾಡನ್ನು ಇವತ್ತು ಒಂದೇ ದಿನಕ್ಕೆ ದಾಟಿಸುವ ರಸ್ತೆ ಅದು. 2013ರಲ್ಲಿ ಹೋಲ್‌ಬ್ರುಕ್‌ನ ಬೈಪಾಸ್ ತೆರೆದ ಮೇಲೆ ಎರಡು ನಗರಗಳ ನಡುವೆ ಪೂರ್ತಿ ಜೋಡಿ ರಸ್ತೆ. ಆದರೆ ಬೈಪಾಸ್ ಎಂದರೆ ಊರುಗಳನ್ನು ಕಣ್ಣಿಂದ ಮರೆಮಾಡುವ ವ್ಯವಸ್ಥೆಯೂ ಹೌದು. ಗಂಡಗೈ ಎಂಬ ಊರನ್ನೇ ನೋಡಿ. ಐದು ಮೈಲಿ ದೂರದಲ್ಲಿ ಬುತ್ತಿಪೆಟ್ಟಿಗೆಯ ಮೇಲೆ ಕೂತ ನಾಯಿಯ ಪ್ರತಿಮೆಗೆ ಕೈಬೀಸಿ ಮುಂದೆ ಹೋಗುವವರೇ ಹೆಚ್ಚು. ಊರೊಳಗೆ ಹೋದವರಿಗೆ ಇನ್ನೊಂದು ಪ್ರತಿಮೆ ಸಿಗುತ್ತದೆ. ಮರ್ರಂಬಿಜೀ ನದಿಯ ಬಯಲಲ್ಲಿ ಕಟ್ಟಿದ ಹಳೆಯ ಗಂಡಗೈ 1852ರ ಜೂನ್‌ನಲ್ಲಿ ರಾತ್ರೋರಾತ್ರಿ ಮುಳುಗಿತು. ಸುಮಾರು 250 ಜನರ ಊರಿನಲ್ಲಿ ಎಂಬತ್ತಕ್ಕೂ ಹೆಚ್ಚು ಜನ ಸತ್ತರು. ಉಳಿದವರಲ್ಲಿ ಹತ್ತಾರು ಮಂದಿಯನ್ನು ಮನೆಯ ಮಾಡಿನಿಂದ, ಮರದ ಕೊಂಬೆಯಿಂದ ಇಳಿಸಿ ದಡ ಸೇರಿಸಿದವರು ಆ ನೆಲದ ಮೂಲನಿವಾಸಿಗಳಾದ ವಿರಾಜುರಿ ಜನರು, ಅವರಲ್ಲೂ ಯಾರಿ ಮತ್ತು ಜಾಕಿ ಜಾಕಿ ಎಂಬಿಬ್ಬರು. ಯಾರಿಯ ಕೈಯಲ್ಲಿದ್ದದ್ದು ಮರದ ತೊಗಟೆಯ ದೋಣಿ. ಆಮೇಲೆ ಊರು ಗುಡ್ಡದ ಮೇಲಕ್ಕೆ ಏರಿತು; ಇಬ್ಬರ ಕಂಚಿನ ಪ್ರತಿಮೆ ಪೇಟೆಬೀದಿಯಲ್ಲಿ ನಿಂತದ್ದು 2017ರಲ್ಲಿ. ಒಂಬತ್ತು ಗಂಟೆಯ ಲೆಕ್ಕದಲ್ಲಿ ಇದಕ್ಕೆ ಹತ್ತು ನಿಮಿಷವೂ ಇಲ್ಲ. ಹ್ಯೂಮ್‌ನಲ್ಲೇ ಹೋಗುವವರು ಗಂಡಗೈ ಅಥವಾ ಆಲ್ಬರಿಯಲ್ಲಿ ಒಂದು ರಾತ್ರಿ ಇಟ್ಟುಕೊಂಡರೂ ನನ್ನ ತಕರಾರು ಮುಗಿಯುತ್ತದೆ.

ಡೇರೆ, ಒಲೆ ಎಂದೊಡನೆ ಬರುವ ಆಕ್ಷೇಪ ನ್ಯಾಯವಾದದ್ದೇ: ಊರಿಂದ ಬಂದ ಅಪ್ಪ ಅಮ್ಮ ಇದ್ದಾರೆ, ಮಂಡಿನೋವು, ನೆಲದ ಮೇಲೆ ಮಲಗಲಾರರು, ರಾತ್ರಿ ಎದ್ದರೆ ಶೌಚಾಲಯ ದೂರ. ಅವರಿಗೆ ಕ್ಯಾರವಾನ್ ಪಾರ್ಕಿನ ಕ್ಯಾಬಿನ್ ಇದೆ. ಮಂಚ, ಬಚ್ಚಲು, ಸಣ್ಣ ಅಡುಗೆಮನೆ ಎಲ್ಲ ಒಳಗೇ ಇರುವ ಪುಟ್ಟ ಮನೆ ಅದು. ಹಿರಿಯರು ಕ್ಯಾಬಿನ್ನಿನಲ್ಲಿ, ಮಕ್ಕಳು ಪಕ್ಕದ ಡೇರೆಯಲ್ಲಿ ಎಂದು ಹಂಚಿಕೊಂಡರೆ ಎರಡು ಹೋಟೆಲ್ ಕೋಣೆಯ ಬಾಡಿಗೆ ತಪ್ಪುತ್ತದೆ. ದಾರಿಯಲ್ಲಿ ಶೌಚಾಲಯ ಎಲ್ಲಿದೆ ಎಂದು ತೋರಿಸುವ ರಾಷ್ಟ್ರೀಯ ನಕ್ಷೆಯನ್ನೇ ಇಲ್ಲಿನ ಸರ್ಕಾರ ಇಟ್ಟಿದೆ. ಎರಡನೆಯ ಆಕ್ಷೇಪ ಸಸ್ಯಾಹಾರಿಗಳದು. ಊರೂರಿನ ಪಾರ್ಕುಗಳಲ್ಲಿ ಪುರಸಭೆಯವರು ಹಾಕಿಸಿದ ವಿದ್ಯುತ್ ಒಲೆಗಳಿವೆ, ಗುಂಡಿ ಒತ್ತಿದರೆ ಉಕ್ಕಿನ ಹಲಗೆ ಕಾಯುತ್ತದೆ, ಕೆಲವು ನಿಮಿಷಕ್ಕೆ ತಾನೇ ಆರುತ್ತದೆ, ಮತ್ತೆ ಒತ್ತಬೇಕು. ಎಷ್ಟೋ ಕಡೆ ಇದಕ್ಕೆ ಬಿಡಿಗಾಸೂ ಇಲ್ಲ. ಆದರೆ ನಮಗಿಂತ ಮುಂಚೆ ಅದರ ಮೇಲೆ ಮಾಂಸ ಬೆಂದಿರುತ್ತದೆ, ಅದನ್ನು ಮುಟ್ಟುವುದು ಹೇಗೆ? ಹಲಗೆಯ ಮೇಲೆ ದಪ್ಪ ಅಲ್ಯೂಮಿನಿಯಂ ಹಾಳೆ ಹಾಸಿ ಚಪಾತಿ ಬಿಸಿ ಮಾಡಿಕೊಳ್ಳಬಹುದು, ಇಲ್ಲವೇ ಮನೆಯ ಚಪ್ಪಟೆ ಕಾವಲಿಯನ್ನೇ ಅದರ ಮೇಲಿಡಬಹುದು. ನಿಧಾನವಾಗುತ್ತದೆ, ಆದರೆ ದೋಸೆಯೂ ಏಳುತ್ತದೆ. ಅದೂ ಒಗ್ಗದವರು ಒಂದು ಪುಟ್ಟ ಗ್ಯಾಸ್ ಒಲೆ ಒಯ್ಯಲಿ, ಅದನ್ನು ಡೇರೆಯೊಳಗೆ ಮಾತ್ರ ಎಂದಿಗೂ ಹಚ್ಚದಿರಲಿ. ಮುಚ್ಚಿದ ಜಾಗದಲ್ಲಿ ಅದರ ವಿಷಾನಿಲ ಪ್ರಾಣ ತೆಗೆಯುತ್ತದೆ. ಪುಳಿಯೋಗರೆ ಗೊಜ್ಜು, ಚಟ್ನಿಪುಡಿ, ಹುರಿದ ರವೆ, ಅವಲಕ್ಕಿ ಇಷ್ಟು ಡಬ್ಬಿಯಲ್ಲಿದ್ದರೆ ತರಕಾರಿ, ಮೊಸರು ಯಾವ ಊರಿನಲ್ಲೂ ಸಿಗುತ್ತದೆ. ತಿಂಗಳುಗಟ್ಟಲೆ ಕೆಡದ ಬುತ್ತಿಯನ್ನು ಕಟ್ಟುವುದರಲ್ಲಿ ನಮ್ಮ ಅಡುಗೆಮನೆಗೆ ಇರುವ ಪಳಗಿದ ಕೈ ಇಲ್ಲಿ ನಿಜವಾದ ಆಸ್ತಿ. ದಿನಕ್ಕೆ ಒಂದು ಸಲ ಊರಿನ ಬೇಕರಿಯಲ್ಲಿ ಏನಾದರೂ ಕೊಂಡು ತಿನ್ನಿ. ಉಳಿಸಿದ್ದರಲ್ಲಿ ಸ್ವಲ್ಪ ಆ ಊರಿಗೂ ಸೇರಬೇಕು.

ವಿಮಾನವೇ ಅಗ್ಗವಲ್ಲವೇ? ಒಬ್ಬರಿಗಾದರೆ ಹೌದು. ಸಿಡ್ನಿ–ಮೆಲ್ಬರ್ನ್ ಜಗತ್ತಿನ ಅತಿ ದಟ್ಟಣೆಯ ವಿಮಾನ ಮಾರ್ಗಗಳಲ್ಲೊಂದು, ಬೇಗ ಕೊಂಡವರಿಗೆ ಟಿಕೆಟ್ ಅಗ್ಗಕ್ಕೇ ಸಿಗುತ್ತದೆ. ನಾಲ್ವರು, ಸಾಮಾನು, ಆ ತುದಿಯಲ್ಲಿ ಬಾಡಿಗೆ ಕಾರು ಎಂದು ಕೂಡಿದಾಗ ಆ ಮಾತು ನಿಲ್ಲುವುದಿಲ್ಲ. ಇದಕ್ಕಿಂತ ಗಟ್ಟಿಯಾದದ್ದು ರಜೆಯ ಪ್ರಶ್ನೆ. ಪೂರ್ಣಾವಧಿ ನೌಕರರಿಗೆ ವರ್ಷಕ್ಕೆ ಸಿಗುವುದು ನಾಲ್ಕು ವಾರದ ಸಂಬಳ ಸಹಿತ ರಜೆ, ಅದನ್ನು ಡಿಸೆಂಬರ್‌ನಲ್ಲಿ ಬೆಂಗಳೂರಿಗೋ ಮೈಸೂರಿಗೋ ಹೋಗಲೆಂದು ಒಂದೊಂದಾಗಿ ಕೂಡಿಟ್ಟಿರುತ್ತಾರೆ. ತಾಯಿಯ ಮುಖ ನೋಡುವ ದಿನಗಳನ್ನು ಕರಾವಳಿಗೆ ಕೊಡಿ ಎಂದು ನಾನು ಹೇಳಲಾರೆ. ಅಂಥವರು ದಾರಿಯನ್ನು ಅರ್ಧಕ್ಕೇ ಕತ್ತರಿಸಲಿ. ಮೂರು ದಿನದ ವಾರಾಂತ್ಯಕ್ಕೆ ಸಿಡ್ನಿಯವರು ನರೂಮಾ ತನಕ, ಮೆಲ್ಬರ್ನ್‌ನವರು ಲೇಕ್ಸ್ ಎಂಟ್ರೆನ್ಸ್ ತನಕ ಹೋಗಿ ತಿರುಗಿದರೂ ಅದು ಪೂರ್ತಿ ಪಯಣವೇ. ಸಿಡ್ನಿಯ ದಕ್ಷಿಣಕ್ಕೆ ಹೆಲೆನ್ಸ್‌ಬರ್ಗ್‌ನ ವೆಂಕಟೇಶ್ವರ ದೇವಸ್ಥಾನದವರೆಗೆ ಎಷ್ಟೋ ಕುಟುಂಬಗಳು ಹೇಗೂ ಹೋಗಿಬರುತ್ತವೆ. ಅಲ್ಲಿಂದ ಮನೆಗೆ ತಿರುಗುವ ಬದಲು ದಕ್ಷಿಣಕ್ಕೆ ಮುಂದುವರಿದರೆ ಸ್ವಲ್ಪದರಲ್ಲೇ ಸಮುದ್ರದ ಮೇಲೆ ಬಾಗಿ ಸಾಗುವ 665 ಮೀಟರ್ ಉದ್ದದ ಸೀ ಕ್ಲಿಫ್ ಸೇತುವೆ. ಒಂದು ಎಚ್ಚರಿಕೆ: ಉದ್ದ ವಾರಾಂತ್ಯಗಳಲ್ಲಿ ನ್ಯೂ ಸೌತ್ ವೇಲ್ಸ್‌ನಲ್ಲಿ ವೇಗದ ತಪ್ಪಿಗೆ ಲೈಸೆನ್ಸಿನ ಮೇಲೆ ಎರಡು ಪಟ್ಟು ಅಂಕ ಬೀಳುತ್ತದೆ.

ಕಾಡ್ಗಿಚ್ಚಿನ ವಿಷಯದಲ್ಲಿ ಮಾತ್ರ ರಾಜಿ ಬೇಡ. 2019ರ ಡಿಸೆಂಬರ್ 31ರಂದು ಇದೇ ದಾರಿಗೆ ಹತ್ತಿರದ ಕರಾವಳಿ ಊರು ಮಲ್ಲಕೂಟಾದಲ್ಲಿ ಸಾವಿರಾರು ಜನ ಕೆಂಪು ಆಕಾಶದ ಕೆಳಗೆ ನೀರಿನಂಚಿಗೆ ಬಂದು ನಿಂತರು. ಹೆದ್ದಾರಿಯಿಂದ ಆ ಊರಿಗೆ ಇರುವ ದಾರಿ ಒಂದೇ, ಅದು ಮುಚ್ಚಿಹೋಗಿತ್ತು. ಜನವರಿಯಲ್ಲಿ ನೌಕಾಪಡೆಯ ಹಡಗು ಬಂದು ಕರೆದೊಯ್ಯಬೇಕಾಯಿತು. ಈಡನ್ ದಾಟಿದ ಮೇಲೆ ಆರ್ಬಾಸ್ಟ್ ತನಕ ದಟ್ಟ ಕಾಡು, ನಡುವೆ ಹೇಳಿಕೊಳ್ಳುವ ಊರೆಂದರೆ ಕ್ಯಾನ್ ರಿವರ್ ಒಂದೇ, ಫೋನಿಗೆ ಸಿಗ್ನಲ್ ಇಲ್ಲದ ಹರವುಗಳೂ ಇವೆ. ಆದ್ದರಿಂದ ಡಿಸೆಂಬರ್‌ನಿಂದ ಫೆಬ್ರವರಿವರೆಗಿನ ಬೇಸಿಗೆಯನ್ನು ಬಿಟ್ಟು ಮಾರ್ಚ್, ಏಪ್ರಿಲ್ ಆರಿಸಿಕೊಳ್ಳಿ: ಸಮುದ್ರದ ನೀರು ಇನ್ನೂ ಬೆಚ್ಚಗಿರುತ್ತದೆ, ಶಾಲೆಯ ರಜೆಯ ಎರಡು ವಾರ ತಪ್ಪಿಸಿದರೆ ಡೇರೆ ಜಾಗವೂ ಸುಲಭ. ಈಡನ್‌ನಲ್ಲೇ ಟ್ಯಾಂಕ್ ತುಂಬಿಸಿ, ಅಂದಿನ ಬೆಂಕಿ ಮತ್ತು ರಸ್ತೆಯ ಎಚ್ಚರಿಕೆ ಓದಿ, ನಕ್ಷೆಯನ್ನು ಫೋನಿಗೆ ಇಳಿಸಿಕೊಂಡು ಹೊರಡಿ.

ಹಾಗೆ ಹೊರಡುವ ಮುನ್ನ ಈಡನ್‌ನ ತಿಮಿಂಗಿಲ ಮ್ಯೂಸಿಯಮ್ಮಿಗೆ ಒಂದು ಗಂಟೆ ಕೊಡಬೇಕು. ಅಲ್ಲಿ ಓಲ್ಡ್ ಟಾಮ್ ಎಂಬ ಗಂಡು ಓರ್ಕಾದ ಅಸ್ಥಿಪಂಜರವಿದೆ. ಟೂಫೋಲ್ಡ್ ಕೊಲ್ಲಿಯಲ್ಲಿ ಓರ್ಕಾಗಳ ಹಿಂಡು ದೊಡ್ಡ ತಿಮಿಂಗಿಲವನ್ನು ಅಡ್ಡಗಟ್ಟುತ್ತಿತ್ತು, ದೋಣಿಯ ಬೇಟೆಗಾರರು ಬಂದು ಕೊಲ್ಲುತ್ತಿದ್ದರು. ನಾಲಗೆ, ತುಟಿ ಓರ್ಕಾಗಳ ಪಾಲು, ಉಳಿದದ್ದು ಮನುಷ್ಯರ ಪಾಲು. ಈ ಒಪ್ಪಂದವನ್ನು ಮೊದಲು ಬಲ್ಲವರು ಆ ತೀರದ ಯುಯಿನ್ ಜನರು, ಡೇವಿಡ್‌ಸನ್ ಕುಟುಂಬದ ದೋಣಿಗಳಲ್ಲಿ ಹುಟ್ಟು ಹಾಕುತ್ತಿದ್ದವರಲ್ಲೂ ಅವರೇ ಇದ್ದರು. ಟಾಮ್ ಸತ್ತದ್ದು 1930ರಲ್ಲಿ. ಅದರ ದವಡೆಯ ಹತ್ತಿರ ಬಗ್ಗಿ ನೋಡಿದರೆ ಒಂದು ಪಕ್ಕದ ಹಲ್ಲು ಸವೆದಿರುವುದು ಕಾಣುತ್ತದೆ. ಬೇಟೆದೋಣಿಯ ಹಗ್ಗವನ್ನು ಕಚ್ಚಿ ಎಳೆಯುತ್ತಿದ್ದುದರಿಂದ ಹಾಗಾಯಿತು ಎಂದು ಈಡನ್‌ನ ಜನ ಹೇಳುತ್ತಾರೆ. ಮ್ಯೂಸಿಯಂ ತೆರೆಯುವ ಹೊತ್ತು ನೋಡಿಕೊಂಡು ಈಡನ್‌ನ ಡೇರೆಯನ್ನು ಮಡಚಿದರೆ ಸಾಕು. ಲೇಕ್ಸ್ ಎಂಟ್ರೆನ್ಸ್‌ಗೆ ಆ ದಿನ ಉಳಿದಿರುವುದು 245 ಕಿಲೋಮೀಟರ್ ಮಾತ್ರ.