ಮಳಿಗೆಗೆ ಒಗ್ಗದ ಕನ್ನಡ: ಸೇಲಂ, ಧರ್ಮಪುರಿ ಪುಸ್ತಕ ಉತ್ಸವಗಳನ್ನು ಕುರಿತು

ಎಲ್ಲ ಜಿಲ್ಲೆಗಳಲ್ಲೂ ಪುಸ್ತಕ ಉತ್ಸವ ನಡೆಸಬೇಕೆಂದು ತಮಿಳುನಾಡು ಸರಕಾರ 2022ರಲ್ಲಿ ನಿರ್ಧರಿಸಿತು. ಅದೇ ವರ್ಷದ ನವೆಂಬರಿನಲ್ಲಿ ಸೇಲಂ ನಗರದ ಉತ್ಸವ ನಡೆಯಿತು. ಧರ್ಮಪುರಿಯಲ್ಲಿ ‘ತಗಡೂರು ಪುತ್ತಗ ಪೇರವೈ’ ಎಂಬ ಸಂಘಟನೆ ಸರಕಾರದ ಈ ಯೋಜನೆಗೆ ಮೊದಲೇ ಇಂತಹ ಕೆಲಸಕ್ಕೆ ಕೈಹಾಕಿತ್ತು. ಹಗಲಿನಲ್ಲಿ ಮಳಿಗೆಗಳು, ಸಂಜೆ ಭಾಷಣ ಅಥವಾ ಪಟ್ಟಿಮನ್ರ, ನಡುವೆ ಸಾಲಾಗಿ ಬರುವ ಶಾಲಾ ಮಕ್ಕಳು: ಉತ್ಸವದ ವಿನ್ಯಾಸ ಎಲ್ಲ ಕಡೆಯೂ ಹೆಚ್ಚುಕಡಿಮೆ ಇದೇ. ಪುಸ್ತಕದಂಗಡಿಯೆಂದರೆ ಪಠ್ಯಪುಸ್ತಕ ಮತ್ತು ಗೈಡುಗಳ ಅಂಗಡಿಯೆಂದೇ ಅರ್ಥವಾಗುವ ಜಿಲ್ಲಾ ಪಟ್ಟಣಗಳಲ್ಲಿ ಇದರ ಬೆಲೆ ಸಣ್ಣದಲ್ಲ. ಆದರೆ ಈ ವಿನ್ಯಾಸ ಯಾವ ಬಗೆಯ ಓದುಗನನ್ನು ಕಲ್ಪಿಸಿಕೊಂಡಿದೆ ಎಂಬ ಪ್ರಶ್ನೆಯನ್ನು ಈ ಎರಡು ಜಿಲ್ಲೆಗಳ ಮಟ್ಟಿಗಾದರೂ ಕೇಳಲೇಬೇಕಾಗಿದೆ.

ಧರ್ಮಪುರಿಯ ಸಂಘಟನೆ ಆಯ್ದುಕೊಂಡ ಹೆಸರಿನಲ್ಲಿಯೇ ಇದರ ಸುಳಿವಿದೆ. ತಗಡೂರು ಆ ಊರಿನ ಪ್ರಾಚೀನ ನಾಮ. ಸಂಗಂ ಸಾಹಿತ್ಯಕ್ಕೆ ಅದು ಅದಿಯಮಾನನ ಊರು. ಅವನು ಅವ್ವೈಯಾರಿಗೆ ನೆಲ್ಲಿಕಾಯಿ ಕೊಟ್ಟ ಕತೆ ತಮಿಳು ಶಾಲೆಯ ಮಕ್ಕಳಿಗೆಲ್ಲ ಪರಿಚಿತ. ಒಂಬತ್ತನೆಯ ಶತಮಾನದ ಕೊನೆಗೆ ಅದೇ ತಗಡೂರು ನೊಳಂಬ ಮಹೇಂದ್ರನ ಆಳ್ವಿಕೆಯಲ್ಲಿತ್ತು. ಆ ಕಾಲದ ಕಂಬವೊಂದರ ಕನ್ನಡ ಶಾಸನ ಅಲ್ಲಿನ ಜೈನ ಬಸದಿಗೆ ಸಂದ ದತ್ತಿಯನ್ನು ದಾಖಲಿಸುತ್ತದೆ. (ನಂಜನಗೂಡು ತಾಲ್ಲೂಕಿನಲ್ಲೂ ಒಂದು ತಗಡೂರು ಇದೆಯೆಂಬುದು ಹಳೆಯ ಮೈಸೂರಿನ ಓದುಗರಿಗೆ ನೆನಪಾಗದಿರದು.) ಒಂದೇ ಹೆಸರು ಎರಡು ಭಾಷೆಗಳ ದಾಖಲೆಗಳಲ್ಲಿ ವಾಸಿಸಿದೆ. ಉತ್ಸವದ ಫಲಕದ ಮೇಲೆ ಬರುವಾಗ ಅದು ಸಂಗಂ ಕಾಲದ ಹೊಳಪನ್ನಷ್ಟೇ ಹೊತ್ತು ಬರುತ್ತದೆ.

ಇಂತಹ ಸಂದರ್ಭದಲ್ಲಿ ಕನ್ನಡದ ಕಡೆಯಿಂದ ಸಾಮಾನ್ಯವಾಗಿ ಏಳುವ ಬೇಡಿಕೆ ಒಂದೇ: ಕನ್ನಡ ಪುಸ್ತಕಗಳಿಗೆ ಒಂದು ಮಳಿಗೆ ಬೇಕು. ಬೇಡಿಕೆ ನ್ಯಾಯವಾದುದೇ. ಆದರೆ ಅದು ಕಾಸರಗೋಡಿನ ಅನುಭವದಿಂದ ಎರವಲು ಪಡೆದದ್ದು. ಕಾಸರಗೋಡಿನಲ್ಲಿ ಕನ್ನಡ ಶಾಲೆಗಳಿವೆ. ಗೋವಿಂದ ಪೈ, ಕಯ್ಯಾರ ಕಿಞ್ಞಣ್ಣ ರೈ ಅವರಿಂದ ಮೊದಲ್ಗೊಂಡ ಲಿಖಿತ ಪರಂಪರೆಯಿದೆ. ಕನ್ನಡ ಲಿಪಿಯಲ್ಲಿ ಓದುವ ಮನೆಗಳಿವೆ. ಸೇಲಂನ ದೇವಾಂಗ ನೇಕಾರರ ಮನೆಗಳಲ್ಲಿ ಕನ್ನಡ ಬಹುಮಟ್ಟಿಗೆ ಮಾತಿನ ಭಾಷೆ. ಅಲ್ಲಿ ಅಕ್ಷರವೆಂದರೆ ತಮಿಳು ಅಕ್ಷರ, ಮದುವೆಯ ಕರೆಯೋಲೆಯೂ ತಮಿಳಿನದೇ. 2006ರ ತಮಿಳು ಕಲಿಕಾ ಕಾಯ್ದೆ ಶಾಲೆಗಳಲ್ಲಿ ತಮಿಳನ್ನು ಹಂತಹಂತವಾಗಿ ಕಡ್ಡಾಯಗೊಳಿಸಿದಾಗ ಭಾಷಿಕ ಅಲ್ಪಸಂಖ್ಯಾತರ ಶಾಲೆಗಳು ಕಳವಳಗೊಂಡವು. ಆ ವ್ಯಾಜ್ಯ ನ್ಯಾಯಾಲಯಗಳನ್ನೂ ಕಂಡಿತು. ಆದರೆ ಕನ್ನಡ ಶಾಲೆಯನ್ನೇ ಕಾಣದ ಮನೆಮಾತಿಗೆ ಆ ವಿವಾದ ದೂರದ ಸುದ್ದಿ. ಇಂತಹ ಮನೆಯ ಹುಡುಗಿಯೊಬ್ಬಳು ಕನ್ನಡ ಮಳಿಗೆಯ ಮುಂದೆ ನಿಂತರೆ ತನ್ನ ಅಜ್ಜಿಯ ಭಾಷೆ ಅಲ್ಲಿದೆಯೆಂದು ಗುರುತಿಸುವುದಾದರೂ ಹೇಗೆ? ಗಡಿನಾಡು ಎಂಬ ಕಲ್ಪನೆಯೂ ಇಲ್ಲಿ ಹೆಚ್ಚು ನೆರವಾಗದು; ಸೇಲಂ ಗಡಿಯಲ್ಲಿಲ್ಲ.

ತಮಿಳಿನಲ್ಲಿ ಈ ಉತ್ಸವಕ್ಕೆ ‘ಪುತ್ತಗ ತಿರುವಿಳಾ’ ಎನ್ನುತ್ತಾರೆ. ತಿರುವಿಳಾ ಎಂದರೆ ದೇವಸ್ಥಾನದ ಜಾತ್ರೆ. ಪುಸ್ತಕದ ಮಂದಿ ಈ ಪದವನ್ನು ದೇವಾಲಯದಿಂದ ಎರವಲು ತಂದದ್ದು ಜಾಣತನವೇ ಸರಿ. ಆದರೆ ಒಂದು ವ್ಯಂಗ್ಯವೂ ಇದರಲ್ಲಿ ಅಡಗಿದೆ. ನೇಕಾರರ ಕನ್ನಡ ಮನೆಯ ಹೊರಗೆ ಗಟ್ಟಿಯಾಗಿ ಕೇಳಿಬರುವುದು ಹಳೆಯ ಅರ್ಥದ ತಿರುವಿಳಾದಲ್ಲಿಯೇ. ಚೌಡೇಶ್ವರಿಯ ಹಬ್ಬದಲ್ಲಿ ವೀರಕುಮಾರರು ಅಲಗು ಸೇವೆ ಸಲ್ಲಿಸುವಾಗ ತಾಯಿಯನ್ನು ಕೂಗಿ ಕರೆಯುವ ಮಾತುಗಳಲ್ಲಿ ಕನ್ನಡವೂ ತೆಲುಗೂ ಬೆರೆತಿವೆ. ಬೀದಿಯಲ್ಲಿ ನಿಂತು ನೋಡುವ ತಮಿಳರಿಗೂ ಅವು ಅಪರಿಚಿತವಲ್ಲ. ಅಲ್ಲಿ ಭಾಷೆಗೆ ಸಭೆಯಿದೆ, ಕೇಳುವವರಿದ್ದಾರೆ. ಹೊಸ ತಿರುವಿಳಾದಲ್ಲಿ ಬೆನ್ನುಪಟ್ಟಿ ಮತ್ತು ಬೆಲೆಚೀಟಿ ಇಲ್ಲದ ಭಾಷೆಗೆ ಪ್ರವೇಶ ಕಠಿಣ. ಇದನ್ನು ಆಯೋಜಕರ ದುರುದ್ದೇಶವೆನ್ನಲಾಗದು. ಸಾಹಿತ್ಯವೆಂದರೆ ಮುದ್ರಿತ ಸರಕು ಎಂಬ ನಂಬಿಕೆ ಆಯೋಜಕರದಷ್ಟೇ ಮಳಿಗೆ ಕೇಳುವ ಕನ್ನಡಿಗರದೂ ಹೌದು.

ತಮಿಳು ಸಾಹಿತ್ಯ ಇತರ ಮನೆಮಾತುಗಳನ್ನು ಒಳಗೊಂಡ ಬಗೆಯನ್ನು ಇಲ್ಲಿ ನೆನೆಯಬೇಕು. ಕಿ. ರಾಜನಾರಾಯಣನ್ ತೆಲುಗು ಮಾತಿನ ಮನೆಯಿಂದ ಬಂದವರು. ‘ಗೋಪಲ್ಲ ಗ್ರಾಮಂ’ ಕಾದಂಬರಿಯಲ್ಲಿ ಅವರು ತಮ್ಮವರ ವಲಸೆಯ ನೆನಪನ್ನು ತಮಿಳಿನ ಕಥನವಾಗಿಸಿದರು. ಕುಂಭಕೋಣದ ಎಂ. ವಿ. ವೆಂಕಟರಾಮ್ ಸೌರಾಷ್ಟ್ರ ನೇಕಾರರ ಬದುಕನ್ನು ‘ವೇಳ್ವಿತ್ತೀ’ಯಲ್ಲಿ ಬರೆದರು. ಇಬ್ಬರಿಗೂ ಸಾಹಿತ್ಯ ಅಕಾಡೆಮಿಯ ಮನ್ನಣೆ ತಮಿಳು ಲೇಖಕರಾಗಿಯೇ ಸಂದಿತು. ಕನ್ನಡ ಮನೆಮಾತಿನ ನೇಕಾರನ ಮಗ ತನ್ನ ಬದುಕನ್ನು ಬರೆದರೆ ಅದೂ ತಮಿಳಿನಲ್ಲಿಯೇ ಇರುವ ಸಂಭವ ಹೆಚ್ಚು. ಕನ್ನಡ ವಿಮರ್ಶೆ ಅದನ್ನು ತನ್ನದಲ್ಲವೆಂದು ಬಿಟ್ಟುಬಿಡುತ್ತದೆಯೋ, ಅಥವಾ ತನ್ನ ಎಲ್ಲೆಯನ್ನೇ ತುಸು ಸಡಿಲಿಸಿಕೊಳ್ಳುತ್ತದೆಯೋ?

ಅನುವಾದದ ಮಾತೂ ಇಲ್ಲಿಗೆ ಸೇರುತ್ತದೆ. ಭೈರಪ್ಪನವರ ‘ಪರ್ವ’ವನ್ನು ತಮಿಳಿಗೆ ತಂದ ಪಾವಣ್ಣನ್, ನೇಮಿಚಂದ್ರರ ‘ಯಾದ್ ವಶೇಮ್’ ಅನ್ನು ತಮಿಳಿಗೆ ತಂದ ಕೆ. ನಲ್ಲತಂಬಿ ಇಬ್ಬರೂ ಅಕಾಡೆಮಿಯ ಅನುವಾದ ಬಹುಮಾನ ಪಡೆದವರು. ಸೇಲಂನ ಕನ್ನಡ ಮನೆಗಳಿಗೆ ಕನ್ನಡ ಸಾಹಿತ್ಯ ತಲುಪುವ ಹತ್ತಿರದ ದಾರಿ ಇಂತಹ ತಮಿಳು ಅನುವಾದಗಳೇ, ಕೇಳಲು ಎಷ್ಟೇ ವಿಚಿತ್ರವೆನಿಸಿದರೂ. ಚೆನ್ನೈ ಅಂತಾರಾಷ್ಟ್ರೀಯ ಪುಸ್ತಕ ಮೇಳ 2023ರಿಂದ ಅನುವಾದಕ್ಕೆ ನೀಡುತ್ತಿರುವ ನೆರವಿನ ಮುಖ್ಯ ದಿಕ್ಕು ತಮಿಳಿನಿಂದ ಹೊರಕ್ಕೆ. ನಾಡಿನೊಳಗಿನ ಮನೆಮಾತುಗಳಿಂದ ತಮಿಳಿಗೆ ಬರುವ ದಿಕ್ಕು ಅದರ ಕಣ್ಣಿಗೆ ಇನ್ನೂ ಅಷ್ಟಾಗಿ ಬಿದ್ದಂತಿಲ್ಲ.

ಪುಸ್ತಕ ಉತ್ಸವಗಳ ಜೊತೆಗೇ ಆರಂಭವಾದ ಸರಕಾರದ ಸಾಹಿತ್ಯೋತ್ಸವಗಳಲ್ಲಿ ಹಲವಕ್ಕೆ ನದಿಗಳ ಹೆಸರಿದೆ: ತಿರುನೆಲ್ವೇಲಿಯ ಪೊರುನೈ, ಮದುರೆಯ ವೈಗೈ, ಕೊಯಮತ್ತೂರಿನ ಸಿರುವಾಣಿ, ತಂಜಾವೂರಿನ ಕಾವೇರಿ. ಕಾವೇರಿಯೆಂದೊಡನೆ ಬಯಲಿನ ಭತ್ತದ ನಾಡು ನೆನಪಾಗುವುದು ಸಹಜ. ಆದರೆ ನದಿ ತಮಿಳುನಾಡಿಗೆ ಕಾಲಿಡುವುದು ಧರ್ಮಪುರಿಯ ಹೊಗೆನಕಲ್‌ನಲ್ಲಿ, ಕೂಡಲೇ ನಿಲ್ಲುವುದು ಸೇಲಂ ಜಿಲ್ಲೆಯ ಮೆಟ್ಟೂರು ಜಲಾಶಯದಲ್ಲಿ. ಹೊಗೆನಕಲ್ ಎಂಬುದು ಹೊಗೆಯ ಕಲ್ಲು. ಹೆಸರಿಗೆ ತಮಿಳು ಮೂಲ ಹುಡುಕುವ ಯತ್ನಗಳೂ ನಡೆದಿವೆ. 2008ರ ಕುಡಿಯುವ ನೀರಿನ ವಿವಾದದ ತರುವಾಯ ಆ ಹೆಸರು ಎರಡೂ ಕಡೆ ಜಗಳದ ಸದ್ದಿನೊಂದಿಗೇ ಕೇಳಿಸುತ್ತದೆ. ಮೂಲದ ಜಗಳಕ್ಕಿಂತ ಸ್ವಾರಸ್ಯವಾದದ್ದು ಬೇರೆಯಿದೆ. ತಮಿಳಿನ ‘ಪುಗೈ’ ಕನ್ನಡದ ‘ಹೊಗೆ’. ಹಾಗೆಯೇ ಪಾಲ್–ಹಾಲು, ಪುಲಿ–ಹುಲಿ. ಪದದ ಮೊದಲ ಪಕಾರ ಕನ್ನಡದಲ್ಲಿ ಹಕಾರವಾಯಿತೆಂಬ ಭಾಷಾಶಾಸ್ತ್ರದ ಸೂತ್ರವನ್ನು ಇಲ್ಲಿನ ದ್ವಿಭಾಷಿಕ ಮಗು ಆಟದಂತೆ ಕಂಡುಕೊಳ್ಳಬಲ್ಲುದು.

ಆ ಆಟಕ್ಕೆ ಸೂಕ್ತ ಕಾಲ ಬೇಸಿಗೆ. ಮೈಸೂರಿನ ರಂಗಾಯಣ ‘ಚಿಣ್ಣರ ಮೇಳ’ವನ್ನು ಬೇಸಿಗೆ ರಜೆಯಲ್ಲೇ ನಡೆಸುತ್ತ ಬಂದಿದೆ, ಮಕ್ಕಳು ಅಲ್ಲಿಗೆ ಬರುವುದು ಕೊಳ್ಳಲಿಕ್ಕಲ್ಲ, ಮಾಡಲಿಕ್ಕೆ. ತಮಿಳುನಾಡಿನ ಗ್ರಂಥಾಲಯಗಳಲ್ಲೂ ಬೇಸಿಗೆ ಶಿಬಿರಗಳು ನಡೆಯುತ್ತವೆ. ಕತೆ ಹೇಳುವುದು, ಚಿತ್ರ ಬಿಡಿಸುವುದು, ಓದಿದ್ದನ್ನು ಒಪ್ಪಿಸುವುದು ಅವುಗಳ ವಾಡಿಕೆ. ಅದೇ ಶಿಬಿರದಲ್ಲಿ ಮಗುವೊಂದು ಮನೆಯ ಅಜ್ಜಿಯಿಂದ ಒಂದು ಕತೆ, ನಾಲ್ಕು ಒಗಟು, ಮಗ್ಗದ ಭಾಗಗಳ ಹೆಸರು ಕೇಳಿಕೊಂಡು ಬರಲೆಂದರೆ ಪುಸ್ತಕ ಉತ್ಸವಕ್ಕೆ ಸಿಕ್ಕದ ಭಾಷೆ ಅಲ್ಲಿಗೆ ತಾನಾಗಿ ಬರುತ್ತದೆ. ಕನ್ನಡ ಮನೆಮಾತಿನ ಪೆರಿಯಾರರ ಹೆಸರನ್ನೇ ಹೊತ್ತ ವಿಶ್ವವಿದ್ಯಾಲಯ 1997ರಿಂದ ಸೇಲಂನಲ್ಲಿದೆ. ಧ್ವನಿಮುದ್ರಣಕ್ಕೆ ಬೇಕಾದ ಸಂಶೋಧನ ವಿದ್ಯಾರ್ಥಿಗಳನ್ನು ದೂರದಿಂದ ಕರೆತರಬೇಕಾಗಿಲ್ಲ.

ಉಳಿಯುವುದು ಲಿಪಿಯ ಪ್ರಶ್ನೆ. ಮಕ್ಕಳು ಬರೆದರೆ ತಮಿಳು ಲಿಪಿಯಲ್ಲೇ ಬರೆಯುತ್ತಾರೆ. ಆ ಲಿಪಿಯಲ್ಲಿ ಕಕಾರ–ಗಕಾರಗಳಿಗೆ ಒಂದೇ ಅಕ್ಷರ. ‘ಗಾಳಿ’ಯೂ ‘ಕಾಳಿ’ಯೂ ಒಂದೇ ಆಗಿ ಕಾಣುತ್ತವೆ. ಕನ್ನಡ ವಿದ್ವಾಂಸರ ಆಕ್ಷೇಪ ಇಲ್ಲಿಂದಲೇ ಹೊರಡುತ್ತದೆ. ಆಕ್ಷೇಪ ನಿರಾಧಾರವೂ ಅಲ್ಲ. ಆದರೆ ಆ ಮನೆಗಳಲ್ಲಿ ಗಾಳಿಯಾವುದು, ಕಾಳಿ ಯಾರು ಎಂಬುದನ್ನು ಬಾಯಿಮಾತು ಇನ್ನೂ ಸ್ಪಷ್ಟವಾಗಿ ಬೇರ್ಪಡಿಸುತ್ತದೆ. ಕನ್ನಡ ಲಿಪಿಯನ್ನು ಕಲಿಸಿದ ಬಳಿಕವಷ್ಟೇ ಸಂಗ್ರಹ ಎಂದು ಕಾದರೆ ಕತೆ ಹೇಳಬಲ್ಲ ತಲೆಮಾರು ಕಾಯುವುದಿಲ್ಲ. ಮೊದಲು ಧ್ವನಿ, ಆಮೇಲೆ ತಮಿಳು ಲಿಪಿಯ ಪಾಠ, ಅದರ ಮಗ್ಗುಲಿಗೆ ಕನ್ನಡ ಲಿಪಿಯ ಪಾಠ: ಮುಂದಿನ ಉತ್ಸವದ ಹೊತ್ತಿಗೆ ಇಪ್ಪತ್ತು ಪುಟದ ಇಂತಹದೊಂದು ಪುಸ್ತಿಕೆ ಸಿದ್ಧವಾದರೆ ಅದನ್ನು ಯಾವ ಭಾಷೆಯ ಮಳಿಗೆಯಲ್ಲಿಡಬೇಕೆಂಬುದನ್ನು ಆಯೋಜಕರು ಆಗ ಯೋಚಿಸಲಿ.